ಮಕ್ಕಳ ಗೀಳು ರೋಗಕ್ಕೆ ಹೊಟ್ಟೆಯೇ ಕಾರಣವೇ? ಕರುಳು ಮತ್ತು ಒಸಿಡಿ ಬಗ್ಗೆ ಸಂಶೋಧನೆ ನಿಜಕ್ಕೂ ಹೇಳುವುದೇನು

ಮಗು ಪದೇ ಪದೇ ಕೈ ತೊಳೆಯುತ್ತಿದ್ದರೆ ತೊಂದರೆ ಇರುವುದು ತಲೆಯಲ್ಲಲ್ಲ, ಹೊಟ್ಟೆಯಲ್ಲಿ. ಕರುಳು ಸ್ವಚ್ಛ ಮಾಡಿಸಿದರೆ ಗೀಳು ತಾನಾಗಿಯೇ ಹೋಗುತ್ತದೆ. ಮನೋವೈದ್ಯರ ಹತ್ತಿರ ಹೋಗುವ ಅಗತ್ಯವಿಲ್ಲ. ಈ ಅರ್ಥದ ಸಂದೇಶಗಳು ವಾಟ್ಸಾಪ್ ಗ್ರೂಪುಗಳಲ್ಲಿ ಬೇರೆ ಬೇರೆ ವೇಷದಲ್ಲಿ ಓಡಾಡುತ್ತವೆ. ಒಂದರಲ್ಲಿ ಪ್ರೋಬಯಾಟಿಕ್ ಪುಡಿಯ ಚಿತ್ರವಿದ್ದರೆ, ಇನ್ನೊಂದರಲ್ಲಿ ತಿಂಗಳಿಗೊಮ್ಮೆ ಹರಳೆಣ್ಣೆ ಕುಡಿಸುವ ಸಲಹೆ, ಮತ್ತೊಂದರಲ್ಲಿ ಜಂತುಹುಳುವಿನ ಮಾತು. ಕೊನೆಯಲ್ಲಿ 'ವಿದೇಶಿ ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ' ಎನ್ನುವ ಸಾಲು ಮಾತ್ರ ಎಲ್ಲದರಲ್ಲೂ ಇರುತ್ತದೆ.

ಇಂಥ ಸಂದೇಶವನ್ನು ಸಾರಾಸಗಟಾಗಿ ಸುಳ್ಳು ಎಂದು ತಳ್ಳಿಹಾಕುವುದು ಸುಲಭ. ಆದರೆ ಅದರೊಳಗೆ ಒಂದಿಷ್ಟು ನಿಜವೂ ಇದೆ, ಅದಕ್ಕೇ ಜನ ನಂಬುತ್ತಾರೆ. ಹೊಟ್ಟೆ ಮತ್ತು ಮಿದುಳಿನ ನಡುವೆ ಸಂಬಂಧವಿದೆ. ಗೀಳು ಇರುವ ಮಕ್ಕಳಲ್ಲಿ ಮಲಬದ್ಧತೆ, ಹೊಟ್ಟೆನೋವು ಕಾಣುವುದೂ ಉಂಟು. ಪ್ರಶ್ನೆ ಇರುವುದು ಯಾವುದರಿಂದ ಯಾವುದು ಬಂತು, ಯಾವುದಕ್ಕೆ ಯಾವ ಚಿಕಿತ್ಸೆ ಎನ್ನುವುದರಲ್ಲಿ. ನಾವು ಈ ವಿಷಯದ ಮೇಲೆ ನಡೆದಿರುವ ಮುಖ್ಯ ಅಧ್ಯಯನಗಳನ್ನು ಓದಿ ನೋಡಿದೆವು. ಚುಟುಕಾಗಿ ಹೇಳಬೇಕೆಂದರೆ: ಹೊಟ್ಟೆ ಸರಿಮಾಡಿದರೆ ಗೀಳು ಹೋಗುತ್ತದೆ ಎಂದು ಇದುವರೆಗೆ ಯಾರೂ ತೋರಿಸಿಲ್ಲ. ಮಕ್ಕಳ ಗೀಳು ರೋಗಕ್ಕೆ ಕೆಲಸ ಮಾಡುವ ಚಿಕಿತ್ಸೆ ಬೇರೆಯೇ ಇದೆ, ಹೊಟ್ಟೆಯ ತೊಂದರೆಗೂ ಅದರದ್ದೇ ಚಿಕಿತ್ಸೆ ಇದೆ.

ಗೀಳು ಎಂದರೆ ಶುಚಿತ್ವದ ಹಟವಲ್ಲ

ನಮ್ಮ ಮನೆಗಳಲ್ಲಿ ಮಡಿ, ಮೈಲಿಗೆ, ಎಂಜಲು, ಮುಸುರೆ ಎಂಬ ಮಾತುಗಳು ಬಹಳ ಸಹಜ. ಹಾಗಾಗಿ ಮಗು ಹೆಚ್ಚು ತೊಳೆದರೆ 'ನಮ್ಮಜ್ಜಿ ಥರ ಮಡಿ' ಎಂದು ನಕ್ಕು ಬಿಡುತ್ತೇವೆ. ಗೀಳು ರೋಗ, ಅಂದರೆ ಒಸಿಡಿ, ಇದಕ್ಕಿಂತ ಬೇರೆ. ಮಡಿಯ ಅಜ್ಜಿಗೆ ತೊಳೆದ ಮೇಲೆ ಸಮಾಧಾನವಾಗುತ್ತದೆ. ಗೀಳಿನ ಮಗುವಿಗೆ ಆಗುವುದಿಲ್ಲ. ಬೇಡವೆಂದರೂ ನುಗ್ಗಿ ಬರುವ ಯೋಚನೆ ಒಂದು ಕಡೆ, ಅದು ಹುಟ್ಟಿಸುವ ಭಯವನ್ನು ತಗ್ಗಿಸಲು ಮಾಡಲೇಬೇಕೆನಿಸುವ ಕೆಲಸ ಇನ್ನೊಂದು ಕಡೆ. ಕೈ ತೊಳೆಯುವುದು, ಎಣಿಸುವುದು, ಮುಟ್ಟಿದ್ದನ್ನೇ ಮುಟ್ಟುವುದು, 'ಅಮ್ಮ, ನಂಗೇನೂ ಆಗಲ್ಲ ಅಲ್ವಾ?' ಎಂದು ಇಪ್ಪತ್ತು ಸಲ ಕೇಳುವುದು, ಇವೆಲ್ಲ ಆ ಕೆಲಸಗಳೇ. ಸಾಮಾನ್ಯವಾಗಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದರಲ್ಲೇ ಕಳೆದರೆ, ಅಥವಾ ಓದು, ಊಟ, ಆಟ ಕೆಟ್ಟರೆ ವೈದ್ಯರು ಅದನ್ನು ರೋಗವೆಂದು ಪರಿಗಣಿಸುತ್ತಾರೆ. ನೂರು ಮಕ್ಕಳಲ್ಲಿ ಒಬ್ಬರಿಂದ ಮೂವರಿಗೆ ಇದು ಬರಬಹುದು ಎನ್ನುವುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಅಂದರೆ ದೊಡ್ಡ ಶಾಲೆಯೊಂದರಲ್ಲಿ ಇಂಥ ಹಲವು ಮಕ್ಕಳು ಇರುತ್ತಾರೆ. ಹೆಚ್ಚಿನವರು ಇದನ್ನು ಮುಚ್ಚಿಟ್ಟುಕೊಂಡೇ ಇರುತ್ತಾರೆ, ಏಕೆಂದರೆ ತಾವು ಮಾಡುತ್ತಿರುವುದಕ್ಕೆ ಅರ್ಥವಿಲ್ಲವೆಂದು ಸ್ವಲ್ಪ ದೊಡ್ಡ ಮಕ್ಕಳಿಗೆ ಗೊತ್ತಿರುತ್ತದೆ, ನಾಚಿಕೆಯಾಗುತ್ತದೆ.

ಕರುಳಿನ ಕಡೆಯ ಕಥೆ: ತಡೆಹಿಡಿಯುವ ಮಗು

ಫಾರ್ವರ್ಡ್‌ಗಳಲ್ಲಿ ಬಾರದ, ಆದರೆ ಮಕ್ಕಳ ವೈದ್ಯರು ಬಹುಶಃ ವಾರವಾರವೂ ನೋಡುವ ಒಂದು ಸಂಗತಿ ಇದೆ. ಮಕ್ಕಳ ಮಲಬದ್ಧತೆಯಲ್ಲಿ ಬಹುಪಾಲು, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪ್ರಕರಣಗಳಲ್ಲಿ, ಕರುಳಿನಲ್ಲಿ ಗಾಯವಾಗಲಿ ಅಡ್ಡಿಯಾಗಲಿ ಇರುವುದೇ ಇಲ್ಲ. ಆಗುವುದು ಹೀಗೆ: ಯಾವಾಗಲೋ ಒಮ್ಮೆ ಮಲ ಗಟ್ಟಿಯಾಗಿ ನೋವಾಯಿತು. ಅಥವಾ ಶಾಲೆಯ ಟಾಯ್ಲೆಟ್ ಗಲೀಜಾಗಿತ್ತು, ಬಾಗಿಲಿಗೆ ಚಿಲಕವಿರಲಿಲ್ಲ, ಟೀಚರ್ ಬಿಡಲಿಲ್ಲ. ಮಗು ತಡೆಹಿಡಿಯಿತು. ಹಿಡಿದಷ್ಟೂ ದೊಡ್ಡ ಕರುಳು ಮಲದಿಂದ ನೀರು ಹೀರಿಕೊಳ್ಳುತ್ತದೆ, ಮಲ ಇನ್ನಷ್ಟು ಗಟ್ಟಿಯಾಗುತ್ತದೆ, ಮುಂದಿನ ಸಲ ಇನ್ನಷ್ಟು ನೋವು. ಮಗು ಮತ್ತೆ ತಡೆಹಿಡಿಯುತ್ತದೆ.

ತಿಂಗಳುಗಟ್ಟಲೆ ಹೀಗೇ ನಡೆದರೆ ಕರುಳಿನ ಕೊನೆಯ ಭಾಗ ಹಿಗ್ಗುತ್ತದೆ, 'ಬಂತು' ಎನ್ನುವ ಸೂಚನೆಯೇ ಮಂದವಾಗುತ್ತದೆ. ಒಳಗೆ ಗಟ್ಟಿ ಮುದ್ದೆ ಕೂತಿರುತ್ತದೆ, ಅದರ ಪಕ್ಕದಿಂದ ತೆಳ್ಳಗಿನ ಮಲ ಮಗುವಿಗೆ ಗೊತ್ತೇ ಆಗದಂತೆ ಸೋರಿ ಚಡ್ಡಿ ಕೊಳೆಯಾಗುತ್ತದೆ. ಮನೆಯವರು ಇದನ್ನು ಭೇದಿ ಎಂದುಕೊಂಡು ಭೇದಿಗೆ ಔಷಧ ಕೊಡುತ್ತಾರೆ, ಅಥವಾ ಇಷ್ಟು ದೊಡ್ಡವನಾಗಿಯೂ ಎಂದು ಬೈಯುತ್ತಾರೆ. ಎರಡೂ ತಪ್ಪು. ಮಗು ಬೇಕೆಂದು ಮಾಡುತ್ತಿರುವುದಲ್ಲ ಇದು.

ತಡೆಹಿಡಿಯುವ ಮಗುವನ್ನು ನೀವು ನೋಡಿಯೇ ಇರುತ್ತೀರಿ. ಕಾಲು ಕತ್ತರಿ ಮಾಡಿ ಬಿಗಿಯಾಗಿ ನಿಲ್ಲುತ್ತದೆ, ತುದಿಗಾಲಲ್ಲಿ ಹೆಜ್ಜೆ ಹಾಕುತ್ತದೆ, ಸೋಫಾದ ಹಿಂದೆ ಹೋಗಿ ಮುಖ ಕೆಂಪಗೆ ಮಾಡಿಕೊಳ್ಳುತ್ತದೆ. ಪಾಪ, ಮುಕ್ಕುತ್ತಿದೆ ಎಂದು ನಾವಂದುಕೊಳ್ಳುತ್ತೇವೆ. ಅದು ಹೊರಗೆ ಕಳಿಸಲು ಅಲ್ಲ, ಒಳಗೇ ಉಳಿಸಿಕೊಳ್ಳಲು ಹೆಣಗುತ್ತಿರುತ್ತದೆ. ದಿನಾ ಅದೇ ಮೂಲೆ, ಅದೇ ಭಂಗಿ, ಅದೇ ಹೊತ್ತು. ಗೊತ್ತಿಲ್ಲದವರ ಕಣ್ಣಿಗೆ ಇದು ಗೀಳಿನ ಆಚರಣೆಯ ಹಾಗೇ ಕಾಣಬಹುದು, ಆದರೆ ಅಲ್ಲ. ಚಡ್ಡಿ ಕೊಳೆಯಾಗುವ ಮಗು ಅವಮಾನದಿಂದ ಹತ್ತು ಸಲ ತೊಳೆದುಕೊಳ್ಳುವುದೂ ಅಷ್ಟೇ. ಅದಕ್ಕೆ ತೊಳೆಯಲು ನಿಜವಾದ ಕಾರಣವೇ ಇದೆ, ಮಲಬದ್ಧತೆ ವಾಸಿಯಾದರೆ ತೊಳೆಯುವುದೂ ನಿಲ್ಲುತ್ತದೆ. 'ಹೊಟ್ಟೆ ಸರಿಯಾಯಿತು, ಗೀಳು ಹೋಯಿತು' ಎನ್ನುವ ಅನುಭವದ ಕಥೆಗಳಲ್ಲಿ ಕೆಲವು ಇಂಥವೇ ಇರಬಹುದು ಎನ್ನುವುದು ನಮ್ಮ ಅನುಮಾನ. ಅಲ್ಲಿ ಗೀಳು ಮೊದಲೇ ಇರಲಿಲ್ಲ.

ಈಗ ಉಲ್ಟಾ ದಿಕ್ಕು ನೋಡಿ. ಒಂಬತ್ತು ವರ್ಷದ ಹುಡುಗಿಯೊಬ್ಬಳಿಗೆ ರೋಗಾಣುವಿನ ಭಯದ ಗೀಳಿದೆ ಎಂದುಕೊಳ್ಳೋಣ. ಟಾಯ್ಲೆಟ್ ಎಂದರೆ ಅವಳಿಗೆ ಅತ್ಯಂತ ಅಪಾಯದ ಜಾಗ. ಎರಡಕ್ಕೆ ಹೋದರೆ ತೊಳೆಯುವುದು ಮುಗಿಯುವಷ್ಟರಲ್ಲಿ ಮುಕ್ಕಾಲು ಗಂಟೆ. ಹಾಗಾಗಿ ಹೋಗುವುದನ್ನೇ ಮುಂದೂಡುತ್ತಾಳೆ. ಶಾಲೆಯಲ್ಲಿ ಹೋಗಬಾರದೆಂದು ಬೆಳಗ್ಗೆ ತಿಂಡಿ ಬಿಡುತ್ತಾಳೆ, ನೀರು ಕುಡಿಯುವುದು ಕಡಿಮೆ ಮಾಡುತ್ತಾಳೆ. ಮೂರು ತಿಂಗಳಲ್ಲಿ ಮಲಬದ್ಧತೆ, ಹೊಟ್ಟೆನೋವು, ಹಸಿವಿಲ್ಲ. ಅಪ್ಪ ಅಮ್ಮನ ಕಣ್ಣಿಗೆ ಮೊದಲು ಬೀಳುವುದು ಹೊಟ್ಟೆನೋವೇ. ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಜಂತುಹುಳುವಿನ ಮಾತ್ರೆ, ಒಂದಾದ ಮೇಲೊಂದು ಸಿರಪ್. ತೊಳೆಯುವುದರ ಬಗ್ಗೆ ಯಾರೂ ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಇಲ್ಲಿ ಹೊಟ್ಟೆಯ ತೊಂದರೆ ಗೀಳಿನ ಕಾರಣವಲ್ಲ, ಅದರ ಫಲ. ಇಂಥ ಮಗುವಿಗೆ ಫಾರ್ವರ್ಡ್ ನೋಡಿ ಕರುಳು ಸ್ವಚ್ಛ ಮಾಡಿಸಿದರೆ ಏನಾಗಬಹುದು? ಭೇದಿ ಮಾಡಿಸಿದ ದಿನ ಅವಳು ಹತ್ತು ಸಲ ಟಾಯ್ಲೆಟ್‌ಗೆ ಹೋಗಬೇಕು, ಹತ್ತು ಸಲ ಆ ತೊಳೆಯುವ ನರಕ ಅನುಭವಿಸಬೇಕು.

ಮೂರನೆಯ ದಾರಿಯೂ ಇದೆ. ಆತಂಕ ಮತ್ತು ಹೊಟ್ಟೆನೋವು ಒಟ್ಟೊಟ್ಟಿಗೆ ಬರುವುದು. 2004ರಲ್ಲಿ ಅಮೆರಿಕದ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ ಮತ್ತೆ ಮತ್ತೆ ಹೊಟ್ಟೆನೋವು ಎನ್ನುತ್ತಿದ್ದ 42 ಮಕ್ಕಳನ್ನೂ ಅಂಥ ತೊಂದರೆ ಇಲ್ಲದ 38 ಮಕ್ಕಳನ್ನೂ ಹೋಲಿಸಿದರು. ಹೊಟ್ಟೆನೋವಿನ ಮಕ್ಕಳಲ್ಲಿ ಶೇಕಡಾ 79ರಷ್ಟು ಮಂದಿಗೆ ಒಂದಲ್ಲ ಒಂದು ಬಗೆಯ ಆತಂಕದ ಕಾಯಿಲೆ ಇತ್ತು. ಇದು ಸಣ್ಣ ಅಧ್ಯಯನ, ಗೀಳಿನ ಬಗ್ಗೆಯೇ ಮಾಡಿದ್ದೂ ಅಲ್ಲ. ಆದರೂ 'ಶಾಲೆ ತಪ್ಪಿಸಲು ನಾಟಕ' ಎಂದು ಹೊಟ್ಟೆನೋವನ್ನು ತಳ್ಳಿಹಾಕುವವರು ಗಮನಿಸಬೇಕಾದ ಸಂಖ್ಯೆ ಅದು. ನೋವು ನಿಜವಾದದ್ದೇ.

ಹಾಗಾದರೆ 'ಕರುಳಿನ ಬ್ಯಾಕ್ಟೀರಿಯಾ' ಮಾತು ಎಲ್ಲಿಂದ ಬಂತು?

ಹುಡುಕುತ್ತಾ ಹೋದರೆ ಸಿಗುವುದರಲ್ಲಿ ಒಂದು ಇಲಿಗಳ ಪ್ರಯೋಗ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಲಿಗಳಿಗೆ ಲ್ಯಾಕ್ಟೋಬ್ಯಾಸಿಲಸ್ ರ‍್ಯಾಮ್ನೋಸಸ್ ಜಿಜಿ ಎಂಬ ಬ್ಯಾಕ್ಟೀರಿಯಾವನ್ನು ಎರಡರಿಂದ ನಾಲ್ಕು ವಾರ ಕೊಟ್ಟರು. ಆಮೇಲೆ ಒಂದು ರಾಸಾಯನಿಕ ಕೊಟ್ಟು ಗೀಳಿನಂಥ ವರ್ತನೆ ಬರಿಸಿದರು: ಗೋಡೆಯಂಚಿನಲ್ಲೇ ಓಡುವುದು, ಸುತ್ತಿದ ಕಡೆಗೇ ಸುತ್ತುವುದು, ಗೋಲಿಗಳನ್ನು ಹೂತುಹಾಕುವುದು. ಬ್ಯಾಕ್ಟೀರಿಯಾ ತಿಂದಿದ್ದ ಇಲಿಗಳಲ್ಲಿ ಈ ವರ್ತನೆ ಕಡಿಮೆ ಇತ್ತು. ಕುತೂಹಲದ ಫಲಿತಾಂಶ, ನಿಜ. ಆದರೆ ಗೋಲಿ ಹೂಳುವ ಇಲಿಗೂ, 'ನಾನು ಮುಟ್ಟಿದರೆ ತಂಗಿ ಸಾಯುತ್ತಾಳೆ' ಎಂಬ ಯೋಚನೆಯಿಂದ ರಾತ್ರಿಯಿಡೀ ನಿದ್ದೆಗೆಡುವ ಮಗುವಿಗೂ ನಡುವೆ ಬಹಳ ದೂರವಿದೆ.

ಮನುಷ್ಯರ ಮೇಲಿನ ಅಧ್ಯಯನಗಳೂ ಇವೆ. ಕೆನಡಾದ ಸಂಶೋಧಕರು 2020ರಲ್ಲಿ ಗೀಳು ಇರುವ 21 ಮಂದಿಯ ಮಲದ ಮಾದರಿಯನ್ನು ಇಲ್ಲದ 22 ಮಂದಿಯ ಮಾದರಿಯೊಂದಿಗೆ ಹೋಲಿಸಿದರು. ಗೀಳು ಇದ್ದವರಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಕಡಿಮೆ ಎಂದು ಕಂಡಿತು. ಅವರೆಲ್ಲ ವಯಸ್ಕರು, ಮಕ್ಕಳಲ್ಲ. ಎರಡೂ ಗುಂಪು ಸೇರಿದರೂ ಒಂದು ಬಸ್ಸು ತುಂಬುವಷ್ಟು ಜನ. ಜೊತೆಗೆ ಇಂಥ ಹೋಲಿಕೆಯಿಂದ ಕಾರಣ ಯಾವುದು, ಫಲ ಯಾವುದು ಎಂದು ತಿಳಿಯುವುದಿಲ್ಲ. ಗೀಳಿನಿಂದ ಊಟ ಕೆಟ್ಟರೆ ಬ್ಯಾಕ್ಟೀರಿಯಾ ಬದಲಾಗುತ್ತದೆ. ಮಲಬದ್ಧತೆಯೊಂದೇ ಸಾಕು ಬ್ಯಾಕ್ಟೀರಿಯಾ ಬದಲಾಗಲು, ಏಕೆಂದರೆ ಮಲ ಕರುಳಿನಲ್ಲಿ ಹೆಚ್ಚು ಹೊತ್ತು ಕೂತಷ್ಟೂ ಅಲ್ಲಿ ಬೆಳೆಯುವ ಜೀವಿಗಳೇ ಬೇರೆ. ಆ್ಯಂಟಿಬಯಾಟಿಕ್ ತಿಂದಿದ್ದರೆ ಮತ್ತೂ ಬೇರೆ. ನಾವು ಮೇಲೆ ಹೇಳಿದ ಒಂಬತ್ತು ವರ್ಷದ ಹುಡುಗಿಯ ಮಲ ಪರೀಕ್ಷಿಸಿದರೆ ಖಂಡಿತ 'ವ್ಯತ್ಯಾಸ' ಸಿಗಬಹುದು, ಆದರೆ ಅದು ಅವಳು ತಡೆಹಿಡಿದ ಮೂರು ತಿಂಗಳ ಗುರುತು.

ಇನ್ನೊಂದು ಜನಪ್ರಿಯ ವಾದ ಸಿರೋಟೋನಿನ್‌ನದು. ದೇಹದ ಸಿರೋಟೋನಿನ್‌ನಲ್ಲಿ ಶೇಕಡಾ 90ರಷ್ಟು ಕರುಳಿನಲ್ಲೇ ತಯಾರಾಗುತ್ತದೆ, ಗೀಳಿಗೆ ಕೊಡುವ ಔಷಧಗಳು ಸಿರೋಟೋನಿನ್ ಮೇಲೇ ಕೆಲಸ ಮಾಡುತ್ತವೆ, ಹಾಗಾಗಿ ಹೊಟ್ಟೆ ಸರಿಯಿಲ್ಲದಿದ್ದರೆ ಗೀಳು. ಮೊದಲ ಎರಡು ಮಾತೂ ನಿಜ. ಆದರೆ ಕರುಳಿನ ಸಿರೋಟೋನಿನ್ ರಕ್ತದಿಂದ ಮಿದುಳಿನೊಳಗೆ ದಾಟಿ ಹೋಗಲಾರದು. ಮಿದುಳು ತನಗೆ ಬೇಕಾದ ಸಿರೋಟೋನಿನ್ ತಾನೇ ತಯಾರಿಸಿಕೊಳ್ಳುತ್ತದೆ. ಕರುಳು ನರಗಳ ಮೂಲಕ, ರೋಗನಿರೋಧಕ ವ್ಯವಸ್ಥೆಯ ಮೂಲಕ ಮಿದುಳಿಗೆ ಸುದ್ದಿ ಕಳಿಸುತ್ತದೆ, ಆ ದಾರಿಯ ಮೇಲೆ ಸಂಶೋಧನೆ ನಡೆಯುತ್ತಿದೆ. ಆದರೆ ಮೂರನೆಯ ಮಾತು ಮೊದಲೆರಡರಿಂದ ಬರುವುದಿಲ್ಲ.

ಗಂಟಲು ನೋವಿನ ನಂತರ ದಿಢೀರ್ ಗೀಳು

ಒಂದು ವಿಷಯದಲ್ಲಿ ಮಾತ್ರ ಸೋಂಕು ಮತ್ತು ಗೀಳಿನ ಸಂಬಂಧವನ್ನು ವೈದ್ಯರು ಗಂಭೀರವಾಗಿ ನೋಡುತ್ತಾರೆ. 1998ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸೂಸನ್ ಸ್ವೀಡೊ ಮತ್ತು ಸಂಗಡಿಗರು 50 ಮಕ್ಕಳ ವಿವರ ಪ್ರಕಟಿಸಿದರು. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಸೋಂಕಿನ ಹಿನ್ನೆಲೆಯಲ್ಲಿ ಈ ಮಕ್ಕಳಿಗೆ ಗೀಳು ಅಥವಾ ಟಿಕ್, ಅಂದರೆ ತಾನಾಗಿ ಬರುವ ಅಂಗಚೇಷ್ಟೆ, ದಿಢೀರನೆ ಶುರುವಾಗಿತ್ತು ಅಥವಾ ಹೆಚ್ಚಾಗಿತ್ತು. ಇದಕ್ಕೆ ಪ್ಯಾಂಡಾಸ್ ಎಂದು ಹೆಸರಿಟ್ಟರು. ಸೋಂಕಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ತಪ್ಪಿ ಮಿದುಳಿನ ಒಂದು ಭಾಗದ ಮೇಲೇ ತಿರುಗಿ ಬೀಳುತ್ತವೆ ಎನ್ನುವುದು ಊಹೆ. ನಂತರದ ವರ್ಷಗಳಲ್ಲಿ ಸ್ಟ್ರೆಪ್ ಇಲ್ಲದೆಯೂ ದಿಢೀರನೆ ಬರುವ ಇಂಥ ಸ್ಥಿತಿಗೆ ಪ್ಯಾನ್ಸ್ ಎಂಬ ವಿಶಾಲ ಹೆಸರು ಬಂತು. ಇದರ ಲಕ್ಷಣಗಳಲ್ಲಿ ಊಟ ಬಿಡುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು, ಹಾಸಿಗೆ ಒದ್ದೆ ಮಾಡುವುದು ಸೇರಿವೆ.

ಇಲ್ಲಿಯೂ ಕರುಳನ್ನು ನೋಡಿದವರಿದ್ದಾರೆ. 2018ರಲ್ಲಿ ರೋಮ್‌ನ ಬಂಬೀನೊ ಜೆಸು ಮಕ್ಕಳ ಆಸ್ಪತ್ರೆಯ ಸಂಶೋಧಕರು ಇಂಥ 30 ಮಕ್ಕಳ ಕರುಳಿನ ಬ್ಯಾಕ್ಟೀರಿಯಾವನ್ನು 70 ಆರೋಗ್ಯವಂತ ಮಕ್ಕಳದರೊಂದಿಗೆ ಹೋಲಿಸಿದರು. ಚಿಕ್ಕ ಮಕ್ಕಳಲ್ಲಿ ವ್ಯತ್ಯಾಸ ಸ್ಪಷ್ಟವಾಗಿ ಕಂಡಿತು, ದೊಡ್ಡವರಲ್ಲಿ ಚಿತ್ರ ಗೊಂದಲಮಯವಾಗಿತ್ತು. ಈ ರೋಗದ ಮಕ್ಕಳಿಗೆ ಆ್ಯಂಟಿಬಯಾಟಿಕ್ ಕೊಡುವುದು ರೂಢಿಯಾದ್ದರಿಂದ, ಬದಲಾವಣೆ ರೋಗದ್ದೋ ಔಷಧದ್ದೋ ಎಂದು ಬಿಡಿಸಿ ಹೇಳುವುದು ಕಷ್ಟ.

ಈ ವಿಷಯದಲ್ಲಿ ಅವಸರ ಯಾಕೆ ಸಲ್ಲದು ಎನ್ನುವುದಕ್ಕೆ ಇನ್ನೊಂದು ಉದಾಹರಣೆ. 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಸಣ್ಣ ಪ್ರಯೋಗದಲ್ಲಿ ಇಂಥ ಮಕ್ಕಳ ರಕ್ತನಾಳಕ್ಕೆ ಇಮ್ಯುನೊಗ್ಲೋಬ್ಯುಲಿನ್ ಕೊಟ್ಟಾಗ ಗೀಳು ಚೆನ್ನಾಗಿ ಇಳಿಯಿತು. 2016ರಲ್ಲಿ 35 ಮಕ್ಕಳ ಮೇಲೆ ಮತ್ತೆ ಪರೀಕ್ಷಿಸಿದರು, ಅರ್ಧ ಮಕ್ಕಳಿಗೆ ಅದು, ಉಳಿದವರಿಗೆ ಬರೀ ಸಲೈನ್‌ನಂಥ ದ್ರವ. ಎರಡು ಗುಂಪಿನ ನಡುವೆ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಒಂದು ಸಣ್ಣ ಅಧ್ಯಯನದಲ್ಲಿ ಕಂಡದ್ದು ಮುಂದಿನದರಲ್ಲಿ ಕಾಣದೇ ಹೋಗುವುದು ವಿಜ್ಞಾನದಲ್ಲಿ ದಿನನಿತ್ಯದ ಸಂಗತಿ. ಫಾರ್ವರ್ಡ್ ಮಾತ್ರ ಮೊದಲನೆಯದರಲ್ಲೇ ನಿಂತಿರುತ್ತದೆ.

ಆದರೂ ಒಂದು ಮಾತು ನೆನಪಿರಲಿ. ನಿನ್ನೆ ಮೊನ್ನೆಯವರೆಗೆ ಚೆನ್ನಾಗಿದ್ದ ಮಗು ಒಂದೆರಡು ದಿನದಲ್ಲೇ ಪೂರ್ತಿ ಬದಲಾಗಿ ಗೀಳು, ವಿಪರೀತ ಭಯ, ಊಟ ನಿರಾಕರಣೆ ಶುರುವಾದರೆ, ವಿಶೇಷವಾಗಿ ಜ್ವರ ಗಂಟಲು ನೋವಿನ ನಂತರ, ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಕೊಡಬೇಡಿ.

12 ಮಕ್ಕಳ ಒಂದು ಅಧ್ಯಯನ ಮಾಡಿದ ಹಾನಿ

'ಮಕ್ಕಳ ಕರುಳು ಕೆಟ್ಟರೆ ಮನಸ್ಸು ಕೆಡುತ್ತದೆ' ಎಂಬ ಮಾತು ಜಗತ್ತಿನಾದ್ಯಂತ ಹರಡಿದ್ದರಲ್ಲಿ ಒಂದು ಕುಖ್ಯಾತ ಪ್ರಬಂಧದ ಪಾಲೂ ಇದೆ. ಅದು ಗೀಳಿನ ಬಗ್ಗೆ ಅಲ್ಲ, ಆಟಿಸಂ ಬಗ್ಗೆ, ಆದರೆ ಪಾಠ ಒಂದೇ ಆದ್ದರಿಂದ ಹೇಳುತ್ತೇವೆ. 1998ರಲ್ಲೇ ಲಂಡನ್ನಿನ ವೈದ್ಯ ಆ್ಯಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು 'ಲ್ಯಾನ್ಸೆಟ್'ನಲ್ಲಿ 12 ಮಕ್ಕಳ ವಿವರ ಪ್ರಕಟಿಸಿ, ಕರುಳಿನ ಉರಿಯೂತ ಮತ್ತು ವರ್ತನೆಯ ಬದಲಾವಣೆ ಒಟ್ಟಿಗೇ ಇದೆ ಎಂದರು, ಎಂಎಂಆರ್ ಲಸಿಕೆಯತ್ತ ಬೆರಳು ತೋರಿದರು. ಪತ್ರಕರ್ತ ಬ್ರಯಾನ್ ಡೀರ್ ವರ್ಷಗಟ್ಟಲೆ ಬೆನ್ನುಹತ್ತಿದ ಮೇಲೆ ಸತ್ಯ ಹೊರಬಿತ್ತು: ಮಕ್ಕಳ ದಾಖಲೆಯಲ್ಲಿದ್ದದ್ದು ಒಂದು, ಪ್ರಬಂಧದಲ್ಲಿ ಬರೆದದ್ದು ಇನ್ನೊಂದು. ಆ ಮಕ್ಕಳನ್ನು ಅಗತ್ಯವಿಲ್ಲದ ಕೊಲೊನೋಸ್ಕೋಪಿಗೂ ಬೆನ್ನುಹುರಿಯ ಸೂಜಿಗೂ ಒಳಪಡಿಸಲಾಗಿತ್ತು ಎಂದು ಬ್ರಿಟನ್ನಿನ ವೈದ್ಯಕೀಯ ಮಂಡಳಿ ತೀರ್ಮಾನಿಸಿತು. 2010ರ ಫೆಬ್ರವರಿಯಲ್ಲಿ ಪತ್ರಿಕೆ ಪ್ರಬಂಧವನ್ನು ಹಿಂತೆಗೆದುಕೊಂಡಿತು, ಅದೇ ಮೇ ತಿಂಗಳಲ್ಲಿ ವೇಕ್‌ಫೀಲ್ಡ್‌ರ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಿದರು. ಲಸಿಕೆಗೂ ಆಟಿಸಂಗೂ ಸಂಬಂಧವಿಲ್ಲವೆಂದು ಲಕ್ಷಾಂತರ ಮಕ್ಕಳ ಅಧ್ಯಯನಗಳು ತೋರಿಸಿವೆ. ಆದರೂ ಹನ್ನೆರಡು ಮಕ್ಕಳ ಆ ಕಥೆ ಇಂದಿಗೂ ನಮ್ಮ ಫೋನುಗಳಲ್ಲಿ ಬರುತ್ತಲೇ ಇದೆ.

ಕೆಲಸ ಮಾಡುವ ಚಿಕಿತ್ಸೆ ಯಾವುದು?

ಗೀಳಿಗೆ ಉತ್ತರ ಸ್ಪಷ್ಟವಾಗಿದೆ. 2004ರಲ್ಲಿ ಅಮೆರಿಕದ ಮೂರು ವಿಶ್ವವಿದ್ಯಾಲಯಗಳು ಸೇರಿ 7ರಿಂದ 17 ವರ್ಷದ 112 ಮಕ್ಕಳನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪು ಮಾಡಿ 12 ವಾರ ಚಿಕಿತ್ಸೆ ಕೊಟ್ಟವು. ಬರೀ ಸಕ್ಕರೆ ಗುಳಿಗೆಯಂಥ ಹುಸಿ ಮಾತ್ರೆ ತಿಂದವರಲ್ಲಿ ರೋಗದಿಂದ ಹೊರಬಂದವರು ಶೇಕಡಾ 3.6. ಸರ್ಟ್ರಲೀನ್ ಎಂಬ ಔಷಧ ತೆಗೆದುಕೊಂಡವರಲ್ಲಿ ಶೇಕಡಾ 21.4. ಸಿಬಿಟಿ ಎಂಬ ಮಾತು-ಅಭ್ಯಾಸದ ಚಿಕಿತ್ಸೆ ಪಡೆದವರಲ್ಲಿ 39.3. ಎರಡನ್ನೂ ಒಟ್ಟಿಗೆ ಪಡೆದವರಲ್ಲಿ 53.6. ಹುಸಿ ಮಾತ್ರೆಯ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ನೂರಕ್ಕೆ ನಾಲ್ಕು ಮಕ್ಕಳೂ ಇಲ್ಲ. ಕಾದು ನೋಡಿದರೆ ತಾನಾಗಿ ಹೋಗುತ್ತದೆ ಎನ್ನುವ ರೋಗ ಇದಲ್ಲ. ಕರುಳು ಸ್ವಚ್ಛತೆಯ ಪ್ಯಾಕೇಜಿನಲ್ಲಿ ಕಳೆಯುವ ಆರು ತಿಂಗಳಿಗೆ ಮಗು ಬೆಲೆ ತೆರುತ್ತದೆ.

ಈ ಮಾತು-ಅಭ್ಯಾಸದ ಚಿಕಿತ್ಸೆಯಲ್ಲಿ ಬುದ್ಧಿವಾದವಿಲ್ಲ. ಮಗು ಮತ್ತು ಚಿಕಿತ್ಸಕರು ಸೇರಿ ಭಯಗಳ ಒಂದು ಏಣಿ ಮಾಡುತ್ತಾರೆ. ಕೆಳಗಿನ ಮೆಟ್ಟಿಲು ಟಾಯ್ಲೆಟ್ ಬಾಗಿಲ ಹಿಡಿ ಮುಟ್ಟಿ ಐದು ನಿಮಿಷ ಕೈ ತೊಳೆಯದೆ ಇರುವುದಾಗಿರಬಹುದು. ಭಯ ಏರುತ್ತದೆ, ಉತ್ತುಂಗಕ್ಕೆ ಹೋಗುತ್ತದೆ, ಆಮೇಲೆ ತೊಳೆಯದೆಯೂ ತಾನಾಗಿ ಇಳಿಯುತ್ತದೆ. ಹಾಗೆ ಇಳಿಯುವುದನ್ನು ಮಗು ತನ್ನ ಮೈಯಲ್ಲೇ ಕಂಡುಕೊಳ್ಳುವುದು ಈ ಚಿಕಿತ್ಸೆಯ ತಿರುಳು. ನಂತರ ಮುಂದಿನ ಮೆಟ್ಟಿಲು. ಮನೆಯವರಿಗೂ ಇಲ್ಲಿ ಕೆಲಸವಿದೆ. ಮಗು ಕೇಳಿತೆಂದು ಅವರೂ ಹತ್ತು ಸಲ ತೊಳೆಯುವುದು, 'ಏನೂ ಆಗಲ್ಲ ಕಂದಾ' ಎಂದು ಇಪ್ಪತ್ತು ಸಲ ಹೇಳುವುದು ಪ್ರೀತಿಯಿಂದ ಮಾಡುವ ಕೆಲಸವೇ, ಆದರೆ ಗೀಳಿಗೆ ಅದೇ ಮೇವು. ಅದನ್ನು ಬೈಯದೆ, ನಿಧಾನವಾಗಿ ಕಡಿಮೆ ಮಾಡುವುದನ್ನು ಚಿಕಿತ್ಸಕರು ಹೇಳಿಕೊಡುತ್ತಾರೆ.

ಔಷಧಗಳ ವಿಷಯದಲ್ಲಿ ಒಂದು ಎಚ್ಚರ. ಸರ್ಟ್ರಲೀನ್‌ನಂಥವು ಮೊದಲ ವಾರಗಳಲ್ಲಿ ಹೊಟ್ಟೆ ತೊಳೆಸುವುದು, ಭೇದಿ ತರಬಹುದು. ಹಳೆಯ ಔಷಧ ಕ್ಲೋಮಿಪ್ರಮೀನ್ ಮಲಬದ್ಧತೆ ತರುತ್ತದೆ. ಇದನ್ನು ನೋಡಿ 'ರೋಗ ಹೊಟ್ಟೆಗೆ ಇಳಿಯಿತು' ಎಂದು ಮಾತ್ರೆ ದಿಢೀರನೆ ನಿಲ್ಲಿಸುವ ಬದಲು ವೈದ್ಯರಿಗೆ ಹೇಳಿ. ಪ್ರಮಾಣ ಬದಲಿಸಬಹುದು, ಔಷಧ ಬದಲಿಸಬಹುದು. ಮಾತ್ರೆ ಶುರುಮಾಡಿದ ಮೊದಲ ವಾರಗಳಲ್ಲಿ ಮಗುವಿನಲ್ಲಿ ವಿಪರೀತ ಚಡಪಡಿಕೆ ಅಥವಾ ಸಾಯುವ ಮಾತು ಕಂಡರೆ ಅಂದೇ ತಿಳಿಸಬೇಕು.

ಮಲಬದ್ಧತೆಗೂ ಚಿಕಿತ್ಸೆ ಗೊತ್ತಿರುವುದೇ. ಯೂರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜಠರ-ಕರುಳು ತಜ್ಞರ ಸಂಘಗಳು 2014ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಮೊದಲ ಆಯ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿ, ಅದು ಸಿಗದಿದ್ದರೆ ಲ್ಯಾಕ್ಟುಲೋಸ್. ಕೂತ ಗಟ್ಟಿ ಮಲವನ್ನು ಮೊದಲು ಹೊರಹಾಕಿಸಿ, ಆಮೇಲೆ ಕನಿಷ್ಠ ಎರಡು ತಿಂಗಳಾದರೂ ಮೆತ್ತಗಿಡುವ ಔಷಧ ಮುಂದುವರಿಸಬೇಕು. ಎರಡು ದಿನ ಸರಿಯಾಯಿತೆಂದು ನಿಲ್ಲಿಸುವುದೇ ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು. ಊಟದ ನಂತರ ಐದರಿಂದ ಹತ್ತು ನಿಮಿಷ ಟಾಯ್ಲೆಟ್‌ನಲ್ಲಿ ಕೂರಿಸುವುದು, ವೆಸ್ಟರ್ನ್ ಕಮೋಡಾದರೆ ಕಾಲ ಕೆಳಗೆ ಮಣೆ ಇಡುವುದು ಸಹಾಯ ಮಾಡುತ್ತದೆ. ಅದೇ ಮಾರ್ಗಸೂಚಿ ಮಕ್ಕಳ ಮಲಬದ್ಧತೆಗೆ ಪ್ರೋಬಯಾಟಿಕ್ ಬಳಕೆಯನ್ನು ಶಿಫಾರಸು ಮಾಡಿಲ್ಲ. ಮಲಬದ್ಧತೆಗೇ ಶಿಫಾರಸಾಗದ ಪುಡಿಯನ್ನು ಗೀಳಿನ ಔಷಧವೆಂದು ಮಾರುತ್ತಿದ್ದಾರೆ ಎನ್ನುವುದನ್ನು ಗಮನಿಸಿ. ಮೊಸರು, ಮಜ್ಜಿಗೆ ಬೇಕಾದಷ್ಟು ಕೊಡಿ, ಊಟವಾಗಿ.

ಜಂತುಹುಳು? ಸರ್ಕಾರ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಕೊಡುತ್ತಿದೆ. ರಕ್ತಹೀನತೆ, ಅಪೌಷ್ಟಿಕತೆ ತಡೆಯಲು ಅದು ಒಳ್ಳೆಯದು, ಮಗುವಿಗೆ ಕೊಡಿಸಿ. ಗೀಳಿಗೆ ಅದು ಔಷಧವಲ್ಲ. ಹರಳೆಣ್ಣೆ ಕುಡಿಸಿ ಭೇದಿ ಮಾಡಿಸುವುದರಿಂದ, ಮನೆಯಲ್ಲೇ ಎನಿಮಾ ಕೊಡುವುದರಿಂದ ಮಗುವಿನ ಮೈಯಲ್ಲಿ ನೀರು ಮತ್ತು ಲವಣ ಕಡಿಮೆಯಾಗಬಹುದು. ಮಲ ಕಸಿ ಎಂಬ ಹೊಸ ಮಾತೂ ವಿಡಿಯೋಗಳಲ್ಲಿ ಬರುತ್ತಿದೆ. 2019ರಲ್ಲಿ ಅಮೆರಿಕದಲ್ಲಿ ಸಂಶೋಧನೆಯ ಭಾಗವಾಗಿ ಆಸ್ಪತ್ರೆಯ ಕಣ್ಗಾವಲಿನಲ್ಲಿ ನಡೆದ ಮಲ ಕಸಿಯಿಂದಲೇ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ತಗುಲಿ ಒಬ್ಬ ರೋಗಿ ತೀರಿಕೊಂಡರು. ಮನೆಯಲ್ಲಿ ಪ್ರಯತ್ನಿಸುವ ವಸ್ತು ಅದಲ್ಲ.

ಯಾರಿಗೆ ತೋರಿಸಬೇಕು

ಮಲದಲ್ಲಿ ರಕ್ತ, ತೂಕ ಇಳಿಯುವುದು, ಬೆಳವಣಿಗೆ ನಿಲ್ಲುವುದು, ಪದೇ ಪದೇ ಜ್ವರ, ಹಸಿರು ವಾಂತಿ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು, ಹುಟ್ಟಿದ ಮೊದಲ ತಿಂಗಳಿಂದಲೇ ಇರುವ ಮಲಬದ್ಧತೆ ಇದ್ದರೆ ಅದನ್ನು 'ಟೆನ್ಷನ್' ಎಂದು ಬಿಡಬಾರದು. ಕರುಳಿನಲ್ಲೇ ಕಾಯಿಲೆ ಇದೆಯೇ ಎಂದು ಮಕ್ಕಳ ವೈದ್ಯರು ಮೊದಲು ನೋಡಬೇಕು. ಗೀಳು ಇರುವ ಮಗುವಿಗೂ ಕರುಳಿನ ಕಾಯಿಲೆ ಬರಬಹುದು, ಒಂದು ಇದೆಯೆಂದರೆ ಇನ್ನೊಂದು ಇಲ್ಲವೆಂದಲ್ಲ.

ವೈದ್ಯರ ಹತ್ತಿರ ಹೋದಾಗ ಹೊಟ್ಟೆಯ ಜೊತೆಗೆ ಉಳಿದದ್ದನ್ನೂ ಹೇಳಿ. ಟಾಯ್ಲೆಟ್‌ನಲ್ಲಿ ಎಷ್ಟು ಹೊತ್ತು, ಸೋಪು ಎಷ್ಟು ಬೇಗ ಖಾಲಿಯಾಗುತ್ತಿದೆ, ಶಾಲೆಯಲ್ಲಿ ಹೋಗುತ್ತಾಳಾ ಇಲ್ಲವಾ, ಕೈ ಚರ್ಮ ಒಡೆದಿದೆಯಾ, ಒಂದೇ ಪ್ರಶ್ನೆ ಎಷ್ಟು ಸಲ ಕೇಳುತ್ತಾಳೆ. ಮಗುವನ್ನು ಒಬ್ಬಳೇ ಇದ್ದಾಗ ಮೆಲ್ಲಗೆ ಕೇಳಬಹುದು: 'ಬೇಡ ಅಂದ್ರೂ ಬರೋ ಯೋಚನೆ ಏನಾದ್ರೂ ಕಾಟ ಕೊಡ್ತಾ ಇದೆಯಾ?' ಬಹಳ ಮಕ್ಕಳು ಯಾರಾದರೂ ಕೇಳಲಿ ಎಂದೇ ಕಾಯುತ್ತಿರುತ್ತಾರೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವೂ ಗೀಳು ರೋಗಕ್ಕೇ ಮೀಸಲಾದ ಕ್ಲಿನಿಕ್ಕೂ ಇವೆ. ದೂರದ ಊರಿನವರು ಮೊದಲು ತಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.